ಶಾಫ್ಟ್ ಡ್ರಾಯಿಂಗ್‌ನಲ್ಲಿ ಸ್ಲೈಸ್ ಎಲ್ಲಿ ಹಾಕಬೇಕು, ಎಲ್ಲಿ ಬೇಡ?

ನೀವು ಕೇಳಿದ್ದು: ಸಾಲಿಡ್‌ವರ್ಕ್ಸ್ ಎಂಬ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಶಾಫ್ಟ್‌ಗೆ (ಯಂತ್ರದಲ್ಲಿ ತಿರುಗುವ ದುಂಡು ದಂಡಕ್ಕೆ) ಸೆಕ್ಷನ್ ವ್ಯೂ, ಅಂದರೆ ಕತ್ತರಿಸಿ ತೋರಿಸುವ ನೋಟ ಹಾಕಿದರೆ ಹಿಂದಿನ ಗೆರೆಗಳೆಲ್ಲ ಬಂದು ಕೀವೇ (ಕೀ ಕೂರಿಸಲು ಶಾಫ್ಟ್ ಮೇಲೆ ಕೊರೆದ ತೋಡು) ಕಾಣುತ್ತಿಲ್ಲ, 'ಸ್ಲೈಸ್ ಸೆಕ್ಷನ್' ಟಿಕ್ ಮಾಡಿದರೆ ತಪ್ಪಾಗುತ್ತಾ ಅಂತ.

ಕೀವೇಗಾದರೆ ಧಾರಾಳವಾಗಿ ಟಿಕ್ ಮಾಡಿ. ಸೆಕ್ಷನ್‌ನಲ್ಲಿ ಕತ್ತರಿಸಿದ ಮುಖದ ಜೊತೆ ಅದರ ಹಿಂದೆ ಇರುವುದೂ ಬರುತ್ತದೆ. ಸ್ಲೈಸ್‌ನಲ್ಲಿ ಆ ಮುಖ ಮಾತ್ರ, ಸೌತೆಕಾಯಿ ಬಿಲ್ಲೆ ಹೆಚ್ಚಿದ ಹಾಗೆ. ಹಿಂದಿನ ಕಾಲರ್‌ನ (ಶಾಫ್ಟ್‌ನ ದಪ್ಪ ಉಂಗುರದಂಥ ಭಾಗದ) ವೃತ್ತಗಳು ಕೀವೇ ಓದುವವರಿಗೆ ಯಾಕೆ ಬೇಕು, ಅಲ್ವಾ?

40 ಮಿ.ಮೀ. ಶಾಫ್ಟ್ ಅಂದುಕೊಳ್ಳಿ. ಸಾಮಾನ್ಯವಾಗಿ ಕೀವೇ ಅಗಲ 12, ಆಳ 5. ಆದರೆ ಆಳವನ್ನು ಮೇಲಿನಿಂದ 5 ಅಂತ ಬರೆಯಬೇಡಿ. ಮೇಲೆ ಲೋಹವೇ ಹೋಗಿರುತ್ತದೆ, ಅಳೆಯುವ ವರ್ನಿಯರ್ ಎಲ್ಲಿಂದ ಹಿಡಿಯುತ್ತಾರೆ? ಎದುರು ಬದಿಯಿಂದ ಕೀವೇ ತಳಕ್ಕೆ 35 ಅಂತ ಕೊಡಿ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಅಳೆಯುವವರಿಗೆ ಇದೇ ಮುಖ್ಯ.

ಆರಪಾರ ತೂತು ಇರುವ ಕಡೆ ಮಾತ್ರ ಸ್ಲೈಸ್ ಬೇಡ. ಪುಣೆಯ ಭೋಸರಿಯಲ್ಲಿ ಒಂದು ಸಣ್ಣ ವರ್ಕ್‌ಶಾಪ್‌ಗೆ ನಾನು ಡ್ರಾಯಿಂಗ್ ಮಾಡಿಕೊಡುತ್ತಿದ್ದೆ. ಒಂದು ಶಾಫ್ಟ್‌ನಲ್ಲಿ ಪಿನ್‌ಗೆ ಅಂತ 10 ಮಿ.ಮೀ. ಅಡ್ಡ ತೂತು. ಅದರ ನಟ್ಟನಡುವೆ ಸ್ಲೈಸ್ ಹಾಕಿ ಕಳಿಸಿದೆ. ಅಲ್ಲಿದ್ದ ಆಪರೇಟರ್ ವಿಜಯಪುರದವರು. ದಿನವೆಲ್ಲ ಮರಾಠಿಯಲ್ಲೇ ಮಾತಾಡುವವರು, ಅವತ್ತು ಕಾಗದದ ಮೇಲೆ ಬೆರಳಿಟ್ಟು ಕನ್ನಡದಲ್ಲೇ ಕೇಳಿದರು: "ಸರ, ಇವು ಎರಡು ಬ್ಯಾರೆ ಬ್ಯಾರೆ ಪೀಸ್ ಏನ್ರಿ?"

ನೋಡಿದರೆ ನಿಜ. ಹ್ಯಾಚ್ (ಕತ್ತರಿಸಿದ ಮುಖ ತೋರಿಸುವ ಓರೆ ಗೆರೆಗಳು) ಇರುವ ಎರಡು ಅರೆಚಂದ್ರ, ಮಧ್ಯೆ ಬರೀ ಖಾಲಿ. ಎರಡನ್ನೂ ಸೇರಿಸುವ ಹಿಂದಿನ ಗೆರೆಯನ್ನು ಸ್ಲೈಸ್ ತೆಗೆದುಹಾಕಿತ್ತು. ಅವರು ಕೇಳಿದ್ದಕ್ಕೆ ಮಟೀರಿಯಲ್ ಉಳಿಯಿತು. ಎಲ್ಲರೂ ಕೇಳುವುದಿಲ್ಲ. ಟಿಕ್ ತೆಗೆದೆ, ಹೊರಗಿನ ವೃತ್ತ ಪೂರ್ತಿಯಾಯಿತು, ಒಂದೇ ಶಾಫ್ಟ್ ಅಂತ ಗೊತ್ತಾಯಿತು. ಕತ್ತರಿಸಿದ ಮುಖ ತುಂಡು ತುಂಡಾಗಿ ಕಂಡರೆ ನೀವೂ ಹಾಗೇ ಮಾಡಿ.

ಇನ್ನು ಕೀವೇ ಉದ್ದಕ್ಕೆ ಎಷ್ಟು ದೂರ ಹೋಗಿದೆ ಅಂತ ತೋರಿಸಲು ಸುಮ್ನೆ ಇಡೀ ಶಾಫ್ಟ್ ಸೀಳಬೇಡಿ. ಶಾಫ್ಟ್, ಬೋಲ್ಟ್, ಪಿನ್ ಇವನ್ನು ಉದ್ದಕ್ಕೆ ಸೀಳಿ ಹ್ಯಾಚ್ ಹಾಕುವ ರೂಢಿ ಇಲ್ಲ. ಕೀವೇ ಇರುವಷ್ಟು ಜಾಗಕ್ಕೆ ಬ್ರೋಕನ್ ಔಟ್ ಸೆಕ್ಷನ್, ಅಂದರೆ ಅಷ್ಟು ಭಾಗ ಮಾತ್ರ ಒಡೆದು ಒಳಗು ತೋರಿಸುವ ನೋಟ ಹಾಕಿ.