ಶಾರ್ಜಾ ಬೇಸಿಗೆಗೆ ಎಸಿ: ಮಂಡ್ಯದ ತಮ್ಮನಿಗೆ ಉತ್ತರ

ನೋಡಪ್ಪ, ನೀನು ಕೇಳಿರೋದು ಮೂರು. ಜುಲೈನಲ್ಲಿ ಹೆಂಡತಿ, ಮಗು ಜೊತೆ ಮಂಡ್ಯದಿಂದ ಶಾರ್ಜಾಕ್ಕೆ ಬಂದರೆ ಎಸಿ ಹಗಲೂ ರಾತ್ರಿ ಓಡಿಸಬಹುದಾ, ಎಷ್ಟಕ್ಕೆ ಇಡಬೇಕು, ವರ್ಷಾ ವರ್ಷಾ ಗ್ಯಾಸ್ ತುಂಬಿಸಲೇಬೇಕಾ ಅಂತ. ಮೊದಲನೆಯದಕ್ಕೆ ಹೌದು, ಓಡಿಸಲೇಬೇಕು. ಕೊನೆಯದಕ್ಕೆ ಖಂಡಿತ ಬೇಡ. ಉಳಿದದ್ದಕ್ಕೆ ಸ್ವಲ್ಪ ವಿವರ ಬೇಕು.

ನಮ್ಮ ಮಂಡ್ಯ, ಮೈಸೂರಿನ ಕಡೆ ಸೆಕೆ ಅಂದರೆ ಮಾರ್ಚಿಂದ ಮೇವರೆಗೆ. ನಾಲ್ಕು ಮಳೆ ಬಿದ್ದರೆ ಮುಗೀತು. ಅಲ್ಲಿ ಆಷಾಢದ ಗಾಳಿಗೆ ಕಿಟಕಿ ಮುಚ್ಚಿ ಹೊದ್ದು ಮಲಗೋ ಹೊತ್ತಿಗೆ ಇಲ್ಲಿ ಮಧ್ಯಾಹ್ನ 45 ಡಿಗ್ರಿ, ರಾತ್ರಿಯೂ 30ರ ಆಸುಪಾಸು. ಆಗಸ್ಟ್‌ನಲ್ಲಿ ಸಮುದ್ರದ ತೇವವೂ ಸೇರಿಕೊಳ್ಳುತ್ತೆ. ರಾತ್ರಿ ಕಿಟಕಿ ತೆಗೆದು ತಂಗಾಳಿ ಬಿಟ್ಟುಕೊಳ್ಳೋ ಊರಿನ ಅಭ್ಯಾಸ ಇಲ್ಲಿ ನಡೆಯಲ್ಲ. ಒಳಗೆ ನುಗ್ಗೋದು ಬರೀ ತೇವ, ಅದನ್ನು ಹಿಂಡಿ ತೆಗೆಯೋಕೆ ಎಸಿ ಮತ್ತೆ ಗಂಟೆಗಟ್ಟಲೆ ದುಡಿಯಬೇಕು.

ಎಸಿ ಮನೆಯೊಳಗಿನ ಶಾಖವನ್ನು ಹೊತ್ತು ಹೊರಗೆ ಬಿಸಾಡುತ್ತೆ. ಹೊರಗೇ 46 ಡಿಗ್ರಿ ಇದ್ದಾಗ ಶಾಖ ಬಿಟ್ಟುಕೊಡೋಕೆ ಔಟ್‌ಡೋರ್ ಯೂನಿಟ್ಟಿನ ಗ್ಯಾಸು ಅದಕ್ಕಿಂತ ಬಿಸಿ, ಅಂದರೆ 60ರ ಹತ್ತಿರ ಇರಬೇಕು. ಆ ಗ್ಯಾಸು ಓಡೋ ಪೈಪಿನ ಸುರುಳಿ, ಅಂದರೆ ಕಾಯಿಲ್ ಮೇಲೆ ಧೂಳು ಕೂತರೆ ಇನ್ನೂ ಮೇಲೇರುತ್ತೆ. ಒತ್ತಡ ಹೆಚ್ಚಿ, ಗ್ಯಾಸನ್ನು ಒತ್ತಿ ತಳ್ಳೋ ಕಂಪ್ರೆಸರ್ ಜಾಸ್ತಿ ಕರೆಂಟ್ ಎಳೆದು, ಕೊನೆಗೆ ತನ್ನನ್ನು ಉಳಿಸಿಕೊಳ್ಳೋಕೆ ನಿಂತುಬಿಡುತ್ತೆ. ಮಧ್ಯಾಹ್ನ ಎರಡಕ್ಕೆ ನಿಂತ ಎಸಿ ಸಂಜೆ ತಾನಾಗೇ ಸರಿಹೋದರೆ ಮೊದಲು ನೋಡಬೇಕಾದ್ದು ಈ ಕಾಯಿಲ್. ‘ಗ್ಯಾಸ್ ಕಮ್ಮಿ’ ಅಂತ ಯಾರಾದರೂ ಸಿಲಿಂಡರ್ ಹಿಡಿದು ಬಂದರೆ ಒಪ್ಪಬೇಡ. ಕಾಯಿಲ್ ತೊಳೆಸು, ಆಮೇಲೆ ನೋಡೋಣ ಅನ್ನು.

ತೊಳೆಯೋದಕ್ಕೂ ಒಂದು ಕ್ರಮ ಇದೆ. ಬೆಳಗ್ಗೆ, ಬ್ರೇಕರ್ ಆಫ್ ಮಾಡಿ. ಮೊದಲು ಮೆತ್ತನೆಯ ಬ್ರಷ್ಷಿನಿಂದ ಒಣಧೂಳು ತೆಗೀಬೇಕು, ನೇರ ನೀರು ಹಾಕಿದರೆ ಅದು ಕೆಸರಾಗಿ ಕಾಯಿಲ್‌ಗೆ ಜೋಡಿಸಿರೋ ತೆಳು ತಗಡಿನ ಪಟ್ಟಿಗಳ (ಫಿನ್) ಸಂದಿಯಲ್ಲಿ ಮೆತ್ತಿಕೊಳ್ಳುತ್ತೆ. ಆಮೇಲೆ ಸಾದಾ ಪೈಪಿನ ನೀರು, ಆದಷ್ಟು ಒಳಗಿನಿಂದ ಹೊರಕ್ಕೆ. ಕಾರು ತೊಳೆಯೋ ಪ್ರೆಷರ್ ಯಂತ್ರ ಬೇಡ, ತೆಳು ಅಲ್ಯುಮಿನಿಯಂ ಫಿನ್ ಮಡಚಿಹೋಗುತ್ತೆ. ಯೂನಿಟ್ ಎತ್ತರದ ಮಹಡಿಯ ಹೊರಗೋಡೆಯಲ್ಲಿದ್ದರೆ ದಯವಿಟ್ಟು ನೀನು ಬಗ್ಗಬೇಡ, ಕೆಲಸದವರನ್ನೇ ಕರೆಸು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸೋದಕ್ಕೆ ಇಲ್ಲಿ ನಿಷೇಧ ಇದೆ. ಅದು ಒಳ್ಳೆಯ ನಿಯಮ, ಆ ಹೊತ್ತಲ್ಲಿ ಬಾ ಅಂತ ಒತ್ತಾಯ ಮಾಡಬೇಡ. ಮುಂದಿನ ವರ್ಷದಿಂದ ಮಾರ್ಚ್‌ನಲ್ಲೇ ಸರ್ವಿಸ್ ಮಾಡಿಸಿಕೊ.

ಒಳಗಿನ ಫಿಲ್ಟರ್ ನಿನ್ನದೇ ಕೆಲಸ. ಎರಡು ವಾರಕ್ಕೊಮ್ಮೆ ನಲ್ಲಿ ಕೆಳಗೆ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ ಹಾಕು. ಧೂಳುಗಾಳಿ ಬೀಸಿದ ಮಾರನೇ ದಿನ ಮತ್ತೊಮ್ಮೆ. ಫಿಲ್ಟರ್ ಕಟ್ಟಿಕೊಂಡರೆ ಒಳಗಿನ ಕಾಯಿಲ್‌ಗೆ ಗಾಳಿ ಸಾಲದೆ ಐಸ್ ಕಟ್ಟುತ್ತೆ. ಆಗ ಕೂಲ್ ಮೋಡ್ ನಿಲ್ಲಿಸಿ ಬರೀ ಫ್ಯಾನ್ ಮೋಡಲ್ಲಿ ಐಸ್ ಕರಗೋವರೆಗೆ ಓಡಿಸು. ಚಾಕು, ಸ್ಕ್ರೂಡ್ರೈವರ್‌ನಿಂದ ಕೆರೆಯಬೇಡ, ಕಾಯಿಲ್ ತೂತಾದರೆ ಎಲ್ಲಾ ಗ್ಯಾಸೂ ಹೋಯ್ತು.

ರಿಮೋಟಲ್ಲಿ 24 ಅಥವಾ 25 ಇಟ್ಟು, ಸೀಲಿಂಗ್ ಫ್ಯಾನ್ ಇದ್ದರೆ ನಿಧಾನಕ್ಕೆ ತಿರುಗಿಸು. 16ಕ್ಕೆ ಇಟ್ಟರೆ ಬೇಗ ತಂಪಾಗುತ್ತೆ ಅನ್ನೋದು ತಪ್ಪು. ಸಾಧಾರಣ ಕಂಪ್ರೆಸರ್‌ಗೆ ವೇಗ ಒಂದೇ, 16 ಮುಟ್ಟಲಾಗದೆ ಬಿಡುವಿಲ್ಲದೆ ಓಡುತ್ತೆ, ಅಷ್ಟೆ. ಎಸಿ ಸರಿಯಾಗಿದೆಯಾ ನೋಡೋಕೆ ಒಂದು ಥರ್ಮಾಮೀಟರ್ ಸಾಕು. ಕಾಲು ಗಂಟೆ ಓಡಿದ ಮೇಲೆ ಒಳಗೆ ಹೋಗೋ ಗಾಳಿಗೂ ಹೊರಗೆ ಬರೋ ಗಾಳಿಗೂ 8ರಿಂದ 12 ಡಿಗ್ರಿ ವ್ಯತ್ಯಾಸ ಇರಬೇಕು. ತೇವ ಜಾಸ್ತಿ ಇದ್ದ ದಿನ ಸ್ವಲ್ಪ ಕಮ್ಮಿ ಬಂದರೆ ಗಾಬರಿ ಬೇಡ.

ಈಗ ಗ್ಯಾಸಿನ ಮಾತು. ಅದು ಸ್ಕೂಟರಿನ ಪೆಟ್ರೋಲ್ ಥರ ಖರ್ಚಾಗಲ್ಲ, ಮುಚ್ಚಿದ ಪೈಪಲ್ಲೇ ಸುತ್ತುತ್ತೆ. ಕಮ್ಮಿಯಾಗಿದೆ ಅಂದರೆ ಎಲ್ಲೋ ಸೋರಿದೆ. ಸೋರಿಕೆ ಹುಡುಕಿ ಮುಚ್ಚಿ, ಪೈಪಿನೊಳಗಿನ ಗಾಳಿ ಪೂರ್ತಿ ಹೀರಿ ತೆಗೆದು (ವ್ಯಾಕ್ಯೂಮ್ ಮಾಡಿ), ಯೂನಿಟ್ ಮೇಲಿನ ಪಟ್ಟಿಯಲ್ಲಿ ಬರೆದಷ್ಟೇ ತೂಕ ತೂಗಿ ತುಂಬಿಸು. ಹೊಸ ಎಸಿಗಳ ಆರ್-32 ಅನಿಲಕ್ಕೆ ಬೆಂಕಿ ಹತ್ತಬಲ್ಲದು, ಗೊತ್ತಿದ್ದವರೇ ಮುಟ್ಟಲಿ. ಹೊರಗಿನ ಫ್ಯಾನ್ ತಿರುಗದೆ ಬರೀ ಗುಂಯ್ ಅಂದರೆ ಹೆಚ್ಚಾಗಿ ಮೋಟರ್ ತಿರುಗೋಕೆ ನೆರವಾಗೋ ಕೆಪಾಸಿಟರ್ ಹೋಗಿರುತ್ತೆ. ಶಾಖಕ್ಕೆ ಬೇಗ ಸಾಯೋ ಭಾಗ ಅದು, ತಲೆ ಉಬ್ಬಿರೋದು ಕಾಣುತ್ತೆ. ಅಗ್ಗದ ವಸ್ತುವೇ, ಆದರೆ ಸ್ವಿಚ್ ಆಫ್ ಮಾಡಿದ ಮೇಲೂ ಶಾಕ್ ಹೊಡೆಯುತ್ತೆ.

ಆಗಸ್ಟಲ್ಲಿ ಎಸಿ ಹಿಂಡಿದ ತೇವ ದಿನಕ್ಕೆ ಬಕೆಟ್‌ಗಟ್ಟಲೆ ನೀರಾಗಿ ಡ್ರೈನ್ ಪೈಪಲ್ಲಿ ಹೋಗುತ್ತೆ. ಪಾಚಿ ಕಟ್ಟಿದರೆ ಗೋಡೆ ಮೇಲೆ ಸುರಿಯುತ್ತೆ. ತಿಂಗಳಿಗೊಮ್ಮೆ ಒಂದು ಲೋಟ ಬಿಳಿ ವಿನೆಗರ್ ಬಿಟ್ಟು, ಅರ್ಧ ಗಂಟೆ ಆದ ಮೇಲೆ ನೀರು ಹಾಕು.

ಊರಿಂದ ಎಸಿ ಹೊತ್ತು ತರಬೇಡ. ಇಲ್ಲೇ ಕೊಳ್ಳೋದಾದರೆ ‘ಟಿ3’ ಅಂತ ಇರೋದನ್ನು ತಗೊ. ಟಿ1 ಯಂತ್ರದ ಸಾಮರ್ಥ್ಯ ಅಳೆಯೋದು ಹೊರಗೆ 35 ಡಿಗ್ರಿ ಇದ್ದಾಗ, ಟಿ3ಯದು 46 ಇದ್ದಾಗ. ಬಾಡಿಗೆ ಮಾತಾಡುವಾಗ ‘ಚಿಲ್ಲರ್ ಫ್ರೀ’ನಾ, ಅಂದರೆ ತಂಪಿನ ಖರ್ಚು ಬಾಡಿಗೆಯಲ್ಲೇ ಸೇರಿದೆಯಾ ಕೇಳು, ಇಲ್ಲದಿದ್ದರೆ ತಂಪಿಗೇ ಬೇರೆ ಬಿಲ್ ಬರಬಹುದು.

ಮಗುವಿನ ಸ್ನಾನದ ಬಗ್ಗೆಯೂ ಹೇಳಿಬಿಡ್ತೀನಿ. ತಾರಸಿ ಟ್ಯಾಂಕಿನಿಂದ ತಣ್ಣೀರ ನಲ್ಲಿಯಲ್ಲೂ ಸುಡೋ ನೀರು ಬರುತ್ತೆ. ಗೀಸರ್ ಆಫ್ ಮಾಡಿಡು, ಮನೆಯೊಳಗೇ ಇರೋದರಿಂದ ಅದರ ನೀರು ಆರಿರುತ್ತೆ. ಬೇಸಿಗೆಯಲ್ಲಿ ಕೆಂಪು ಗುರುತಿನ ನಲ್ಲಿಯೇ ತಂಪಿನದು. ಆದರೂ ಕೈಯಿಟ್ಟು ನೋಡಿಯೇ ಮಗುವಿಗೆ ಹಾಕಿ.