ಸದ್ದು ಬಂದ ಮಾತ್ರಕ್ಕೆ ಮೋಟರ್ ಬದಲಿಸಬೇಡಿ

ವಾಷಿಂಗ್ ಮೆಷಿನ್ ಬಗ್ಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತವೆ. ಮಳೆ ಹಿಡಿದುಕೊಂಡು, ಬಟ್ಟೆ ಒಣಗದೆ, ಒಂದೇ ಬಟ್ಟೆಯನ್ನು ಎರಡೆರಡು ಸಲ ಹಿಂಡುವ ತಿಂಗಳುಗಳಲ್ಲಂತೂ ಅವು ಇನ್ನೂ ಹೆಚ್ಚುತ್ತವೆ. ಹಾಗಾಗಿ ಈ ಸಲ ಆ ಒಂದು ಪ್ರಶ್ನೆಗೆ ವಿವರವಾಗಿ ಉತ್ತರಿಸಿ, ಉಳಿದವನ್ನು ಚುಟುಕಾಗಿ ಮುಗಿಸುತ್ತೇನೆ. ಸ್ಕ್ರೂ ಬಿಚ್ಚುವುದು ಹೇಗೆ ಎಂಬುದನ್ನು ನಾನು ಇಲ್ಲಿ ಹೇಳಿಕೊಡುವುದಿಲ್ಲ. ಅದು ತಿಳಿಯದವರು ಮೆಷಿನ್ನಿನ ಹಿಂದಿನ ತಗಡಿಗೆ ಕೈ ಹಾಕದಿರುವುದೇ ಕ್ಷೇಮ.

ಪ್ರಶ್ನೆ: ನಮ್ಮದು ಏಳು ವರ್ಷ ಹಳೆಯ, ಬೆಲ್ಟ್ ಇರುವ ಫ್ರಂಟ್ ಲೋಡ್ ಮೆಷಿನ್. ಬಟ್ಟೆ ಹಿಂಡುವಾಗ ವಿಮಾನ ಮೇಲೇರಿದಂತೆ ಸದ್ದು ಬರುತ್ತದೆ. ಮೆಕ್ಯಾನಿಕ್ ಒಬ್ಬರು ಬಂದು, ಒಮ್ಮೆ ಆನ್ ಮಾಡಿ ಕೇಳಿ, "ಮೋಟರ್ ಹೋಗಿದೆ, ಎಂಟು ಸಾವಿರ ಆಗುತ್ತದೆ" ಎಂದರು. ಬದಲಿಸಬಹುದೇ? (ವಿದ್ಯಾನಗರ, ಹಾಸನ)

ಉತ್ತರ: ಬೇಡ. ತಗಡನ್ನೂ ಬಿಚ್ಚದೆ, ನಿಂತಲ್ಲಿಂದಲೇ ಮೋಟರ್ ಹೋಗಿದೆ ಎಂದು ಹೇಳುವವರಿಗೆ ಮೋಟರ್ ಮಾರುವುದು ಗೊತ್ತಿರುತ್ತದೆಯೇ ಹೊರತು ಪರೀಕ್ಷಿಸುವುದು ಗೊತ್ತಿರುವುದಿಲ್ಲ. ನೀವು ಬರೆದಿರುವ ಸದ್ದು ಬಹುಮಟ್ಟಿಗೆ ಡ್ರಮ್ಮಿನ ಬೇರಿಂಗಿನದು, ಅಂದರೆ ಡ್ರಮ್ಮಿನ ಅಚ್ಚು ಸಲೀಸಾಗಿ ತಿರುಗುವಂತೆ ಹಿಡಿದಿರುವ ಗುಂಡುಗಳ ಬಳೆಯದು. ಬಟ್ಟೆ ಒಗೆಯುವಾಗ ಡ್ರಮ್ ನಿಮಿಷಕ್ಕೆ ಸುಮಾರು 50 ಸುತ್ತು ತಿರುಗಿದರೆ, ಹಿಂಡುವಾಗ 1000 ಸುತ್ತು, ಕೆಲವು ಮಾದರಿಗಳಲ್ಲಿ ಅದಕ್ಕೂ ಹೆಚ್ಚು ತಿರುಗುತ್ತದೆ. ಸವೆದ ಬೇರಿಂಗ್ ಆ ವೇಗದ ಜೊತೆಗೇ ಮೊರೆಯುತ್ತಾ ಏರುತ್ತದೆ. ಮೋಟರಿನ ಪುಲ್ಲಿ ಚಿಕ್ಕದು, ಡ್ರಮ್ಮಿನ ಚಕ್ರ ದೊಡ್ಡದು. ಡ್ರಮ್ ಒಂದು ಸುತ್ತು ಬರುವಷ್ಟರಲ್ಲಿ ಮೋಟರ್ ಹತ್ತಕ್ಕೂ ಹೆಚ್ಚು ಸುತ್ತು ತಿರುಗಿರುತ್ತದೆ. ಆದ್ದರಿಂದ ಮೋಟರಿನ ಸದ್ದು ಸಾಮಾನ್ಯವಾಗಿ ಸಣ್ಣಗೆ, ಕೀರಲಾಗಿ ಕೇಳಿಸುತ್ತದೆ. ಬೇರಿಂಗಿನದು ದಪ್ಪ ಗುಡುಗು. ಆದರೂ ಕಿವಿಯನ್ನಷ್ಟೇ ನಂಬಿ ದುಡ್ಡು ಖರ್ಚು ಮಾಡಬಾರದು, ಏಕೆಂದರೆ ಬೆಲ್ಟ್ ಇರುವವರೆಗೂ ಎರಡೂ ಒಟ್ಟಿಗೇ ತಿರುಗುತ್ತವೆ, ಒಂದರ ಸದ್ದು ಇನ್ನೊಂದರ ಮೈಯಲ್ಲಿ ಕೇಳಿಸುತ್ತದೆ.

ಮೊದಲು ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಫೇಸ್ ಬದಲು ನ್ಯೂಟ್ರಲ್ ತಂತಿಯನ್ನು ಸ್ವಿಚ್ಚಿಗೆ ಕೊಟ್ಟಿರುವ ಮನೆಗಳನ್ನು ನಾನು ಎಷ್ಟೋ ನೋಡಿದ್ದೇನೆ, ಅಂಥಲ್ಲಿ ಸ್ವಿಚ್ ಆಫ್ ಆಗಿದ್ದರೂ ಒಳಗೆ ಕರೆಂಟ್ ಇರುತ್ತದೆ. ಬಳಿಕ ಖಾಲಿ ಡ್ರಮ್ಮಿನ ಮೇಲಿನ ಅಂಚನ್ನು ಒಳಗಿನಿಂದ ಹಿಡಿದು ಮೇಲಕ್ಕೆತ್ತಿ ನೋಡಿ. ಇಲ್ಲಿ ಅನೇಕರು ಮೋಸ ಹೋಗುತ್ತಾರೆ: ಡ್ರಮ್ಮನ್ನು ಸುತ್ತುವರಿದು ನೀರು ಹಿಡಿದಿಡುವ ಇಡೀ ಟಬ್ ಸ್ಪ್ರಿಂಗುಗಳ ಮೇಲೆ ತೂಗುತ್ತಿರುವುದರಿಂದ ಡ್ರಮ್ಮಿನ ಜೊತೆಗೆ ಅದೂ ಏಳುತ್ತದೆ, ಅದು ದೋಷವಲ್ಲ. ಹೊರಗಿನ ಟಬ್ ಕದಲದೆ ಒಳಗಿನ ಡ್ರಮ್ ಒಂದೇ ಟಕ್ಕೆಂದು ಅಲುಗಿದರೆ ಮಾತ್ರ ಬೇರಿಂಗ್ ಸವೆದಿದೆ ಎಂದು ತಿಳಿಯಬೇಕು.

ಅನಂತರ ಹಿಂದಿನ ತಗಡನ್ನು ತೆಗೆದು, ದೊಡ್ಡ ಚಕ್ರವನ್ನು ನಿಧಾನವಾಗಿ ತಿರುಗಿಸುತ್ತಾ ಬೆಲ್ಟನ್ನು ಅಂಚಿನಿಂದ ಜಾರಿಸಿ ಹೊರತೆಗೆಯಿರಿ. ಬೆರಳು ಬೆಲ್ಟಿಗೂ ಚಕ್ರಕ್ಕೂ ನಡುವೆ ಸಿಗದಿರಲಿ. ಈಗ ಡ್ರಮ್ಮನ್ನು ಮಾತ್ರ ಕೈಯಿಂದ ತಿರುಗಿಸಿ. ಬೀಸುವ ಕಲ್ಲಿನಲ್ಲಿ ರಾಗಿ ಬೀಸಿದ ಹಾಗೆ ಗರಗರ ಎಂದರೆ ಮೋಟರಿನ ಮಾತನ್ನು ಅಲ್ಲಿಗೇ ಬಿಡಿ. ಚಕ್ರದ ನಡುವಿನಿಂದ ಟಬ್ಬಿನ ಹಿಂಬದಿಗೆ ಕಂದು ಬಣ್ಣದ ತುಕ್ಕಿನ ಗೀರುಗಳು ಸಿಡಿದಿದ್ದರೆ ಇನ್ನೊಂದು ಸಾಕ್ಷಿ ಬೇಕಿಲ್ಲ: ನೀರನ್ನು ತಡೆಯುವ ಆಯಿಲ್ ಸೀಲ್ ಸವೆದು, ನೀರು ಬೇರಿಂಗಿಗೆ ಇಳಿದು, ಗ್ರೀಸನ್ನು ತೊಳೆದುಬಿಟ್ಟಿದೆ. ಬೇರಿಂಗ್ ಹಾಕಿಸುವಾಗ ಸೀಲನ್ನೂ ಹೊಸದಾಗಿ ಹಾಕಿಸಿ, ಇಲ್ಲದಿದ್ದರೆ ಮತ್ತೆ ಅದೇ ಕಥೆ. ನಿಮ್ಮ ಟಬ್ಬಿನ ಎರಡು ಹೋಳುಗಳನ್ನು ಸ್ಕ್ರೂ ಹಾಕದೆ ಬೆಸೆದುಬಿಟ್ಟಿದ್ದರೆ ಖರ್ಚು ಹೆಚ್ಚು. ಕೆಲಸ ಒಪ್ಪಿಸುವ ಮೊದಲೇ ಇದನ್ನು ಕೇಳಿಕೊಳ್ಳಿ.

ಡ್ರಮ್ ಸದ್ದಿಲ್ಲದೆ ತಿರುಗಿದರೆ ಮಾತ್ರ ಮೋಟರಿನ ಕಡೆಗೆ ನೋಡಿ. ಅದರ ಶಾಫ್ಟನ್ನು ಬೆರಳಿನಿಂದ ತಿರುಗಿಸಿದಾಗ ಬ್ರಷ್ (ಮೋಟರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡು) ಉಜ್ಜುವ ಸಣ್ಣ ಸರಸರ ಸದ್ದು ಬರುವುದು ಸಹಜ, ತಡೆದು ತಡೆದು ತಿರುಗುವುದು ಸಹಜವಲ್ಲ. ಮೋಟರನ್ನು ಹಿಡಿದಿರುವ ಬೋಲ್ಟುಗಳು ಸಡಿಲವಾಗಿದ್ದರೂ ದಡಬಡ ಸದ್ದು ಬರುತ್ತದೆ. ಬಿಗಿ ಮಾಡಿದರೆ ಮುಗಿಯಿತು. ಕಾರ್ಬನ್ ಬ್ರಷ್ ಹೊಸದಿದ್ದಾಗ ಸುಮಾರು ಮೂರು ನಾಲ್ಕು ಸೆಂಟಿಮೀಟರ್ ಉದ್ದವಿರುತ್ತದೆ, ಒಂದು ಸೆಂಟಿಮೀಟರಿನಷ್ಟೇ ಉಳಿದಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸಿ. ಹೊಸ ಬ್ರಷ್ ಕೂರುವವರೆಗೆ ಕೆಲವು ಒಗೆತಗಳಲ್ಲಿ ಸ್ವಲ್ಪ ಕಿಡಿ, ಸ್ವಲ್ಪ ಸದ್ದು ಇದ್ದೇ ಇರುತ್ತದೆ, ಗಾಬರಿಯಾಗಬೇಡಿ. ಬ್ರಷ್ ಉಜ್ಜುವ ತಾಮ್ರದ ಪಟ್ಟಿಗಳು ಸಮನಾದ ಕಂದು ಬಣ್ಣದಲ್ಲಿದ್ದರೆ ಒಳ್ಳೆಯದು. ಒಂದೆರಡು ಪಟ್ಟಿ ಸುಟ್ಟು ಕಪ್ಪಾಗಿದ್ದರೆ ಅಥವಾ ಎದ್ದು ನಿಂತಿದ್ದರೆ ಅದು ಎಷ್ಟು ಹೊಸ ಬ್ರಷ್ ಹಾಕಿದರೂ ತಿಂದುಹಾಕುತ್ತದೆ. ಆಗ, ಆಗ ಮಾತ್ರ, ಮೋಟರ್ ಬದಲಿಸುವ ಮಾತನ್ನು ಒಪ್ಪುತ್ತೇನೆ. ಬೆಲ್ಟೂ ಬ್ರಷ್ಷೂ ಇಲ್ಲದ ಡೈರೆಕ್ಟ್ ಡ್ರೈವ್ ಮೆಷಿನ್ನುಗಳಿಗೆ ಈ ಪರೀಕ್ಷೆ ಸಲ್ಲುವುದಿಲ್ಲ.

ಇನ್ನೊಂದು ಮಾತು ಕಾಫಿ ಸೀಮೆಯವರಿಗೆ. ಕೊಯ್ಲಿನ ತಿಂಗಳುಗಳಲ್ಲಿ ಸಕಲೇಶಪುರ, ಮೂಡಿಗೆರೆ ಕಡೆಯಿಂದ ಬರುವ "ಮೋಟರ್ ಸದ್ದಿ"ನ ದೂರುಗಳಲ್ಲಿ ಹಲವು ಮೋಟರಿನವೇ ಅಲ್ಲ. ಸದ್ದು ನೀರು ಹೊರಹೋಗುವಾಗ ಮಾತ್ರ ಬರುತ್ತದೆಯೇ ಎಂದು ಗಮನಿಸಿ; ಹಾಗಿದ್ದರೆ ಅದು ಡ್ರೈನ್ ಪಂಪಿನದು. ಒಂದು ತೋಟದ ಮನೆಯಲ್ಲಿ ಮುಂಭಾಗದ ಕೆಳಗಿನ ಫಿಲ್ಟರನ್ನು ಬಿಚ್ಚಿದಾಗ ನೆನೆದು ಉಬ್ಬಿದ ಹನ್ನೊಂದು ಕಾಫಿ ಬೀಜ, ಒಂದು ರೂಪಾಯಿಯ ನಾಣ್ಯ, ಒಂದು ಕೂದಲ ಪಿನ್ನು ನನ್ನ ಅಂಗೈಗೆ ಬಂದವು. ಯಜಮಾನರು ಅಷ್ಟರಲ್ಲಾಗಲೇ ಹೊಸ ಮೋಟರ್ ಹಾಕಿಸಿ ಆಗಿತ್ತು.

ಪ್ರಶ್ನೆ: ಟಾಪ್ ಲೋಡ್ ಮೆಷಿನ್ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಮೋಟರಿಗೆ ತಿರುಗಲು ಒತ್ತು ಕೊಡುವ ಕೆಪಾಸಿಟರನ್ನು ನಾನೇ ಬದಲಿಸಬಹುದೇ? (ಚಿಕ್ಕಮಗಳೂರು)

ಉತ್ತರ: ನಿಮ್ಮ ಊಹೆ ಸರಿಯಿರಬಹುದು, ಆದರೆ ಕೈ ಹಾಕಬೇಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಕರೆಂಟ್ ಉಳಿದಿರುತ್ತದೆ. ಕೆಲಸ ಕಲಿಯುವ ದಿನಗಳಲ್ಲಿ ಒಮ್ಮೆ ಅದನ್ನು ಮರೆತು ಮುಟ್ಟಿ ಗೋಡೆಗೆ ಹೋಗಿ ಬಿದ್ದವನು ನಾನು. ಅತಿ ಎಚ್ಚರಿಕೆ ಎಂದು ಬೇಕಾದರೆ ನಗಿ, ಈ ಒಂದು ಕೆಲಸವನ್ನು ಮನೆಯಲ್ಲಿ ಮಾಡಿ ಎಂದು ಯಾರಿಗೂ ಹೇಳುವುದಿಲ್ಲ. ವೋಲ್ಟೇಜ್ ಬಿದ್ದಾಗಲೂ ಮೋಟರ್ ಹೀಗೆಯೇ ಗುಂಯ್‌ಗುಡುತ್ತದೆ, ಆದ್ದರಿಂದ ಮೊದಲು ಅದನ್ನು ನೋಡಿಸಿ. ಗುಂಯ್ ಎನ್ನುತ್ತಿರುವ ಮೆಷಿನ್ನನ್ನು ಹಾಗೇ ಬಿಟ್ಟರೆ ಮೋಟರಿನ ವೈಂಡಿಂಗ್ ಸುಡುತ್ತದೆ. ಕೂಡಲೇ ಆಫ್ ಮಾಡಿ.

ಪ್ರಶ್ನೆ: ಬೇರಿಂಗಿಗೆ ಕೊಬ್ಬರಿ ಎಣ್ಣೆ ಬಿಟ್ಟರೆ ಸದ್ದು ನಿಲ್ಲುತ್ತದೆಂದು ಪಕ್ಕದ ಮನೆಯವರು ಹೇಳುತ್ತಾರೆ. (ಬೇಲೂರು)

ಉತ್ತರ: ಎಣ್ಣೆ ಬೇರಿಂಗನ್ನು ಮುಟ್ಟುವುದೇ ಇಲ್ಲ, ಬೆಲ್ಟನ್ನು ಮುಟ್ಟುತ್ತದೆ, ಬೆಲ್ಟ್ ಜಾರುತ್ತದೆ.

ಪ್ರಶ್ನೆ: ಹೊಸ ಫ್ರಂಟ್ ಲೋಡ್ ಮೆಷಿನ್ ಮೊದಲ ದಿನವೇ ಕುಣಿದುಕೊಂಡು ಬಾಗಿಲವರೆಗೆ ಬಂತು. (ಕಡೂರು)

ಉತ್ತರ: ಸಾಗಣೆಗೆಂದು ಹಿಂಬದಿಯಲ್ಲಿ ಹಾಕಿರುವ ಬೋಲ್ಟುಗಳನ್ನು ಯಾರೂ ತೆಗೆದಿಲ್ಲ, ತೆಗೆಸಿ.

ಪ್ರಶ್ನೆ: ಡ್ರಮ್ ತೊಳೆಯುವ ಪುಡಿ ಹಾಕಿದರೆ ಮೋಟರ್ ಸದ್ದು ಕಡಿಮೆಯಾಗುತ್ತದೆಯೇ? (ಅರಸೀಕೆರೆ)

ಉತ್ತರ: ಇಲ್ಲ.

ಪ್ರಶ್ನೆ: ಮೆಷಿನ್ ಒಳಗೆ ಇಲಿ ಸೇರಿ ವೈರ್ ಕಡಿಯುತ್ತಿದೆ. ಪಾಷಾಣ ಇಡಬಹುದೇ? (ಆಲ್ದೂರು)

ಉತ್ತರ: ಮಕ್ಕಳ ಬಟ್ಟೆ ಒಗೆಯುವ ಯಂತ್ರದೊಳಗೆ ಪಾಷಾಣವೇ? ತಳಕ್ಕೆ ಗಾಳಿಯಾಡುವಂತೆ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಹೊಡೆಸಿ, ಕಡಿದ ವೈರಿಗೆ ಟೇಪ್ ಸುತ್ತದೆ ಬದಲಿಸಿ, ಅದಾಗುವವರೆಗೆ ಪ್ಲಗ್ ಹಾಕಬೇಡಿ.