ಮಿಸೌರಿಯಲ್ಲಿ ಫಾರ್ಮಿನಿಂದ ನೇರವಾಗಿ ಗ್ರಾಸ್‌ಫೆಡ್ ಬೀಫ್ ಕೊಳ್ಳುವುದು ಹೇಗೆ? ಇಬ್ಬರಿಗೆ ಕ್ವಾರ್ಟರ್ ಜಾಸ್ತಿ ಆಗುತ್ತಾ?

ನೀವು ಮಿಸೌರಿಗೆ ಹೊಸದಾಗಿ ಬಂದಿದ್ದೀರಿ, ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ, ಅಂಗಡಿಯ ಗ್ರಾಸ್‌ಫೆಡ್ (ಹುಲ್ಲು ತಿಂದು ಬೆಳೆದ ದನದ) ಬೀಫ್ ಕೈ ಸುಡುತ್ತಿದೆ. ಫಾರ್ಮಿನವರಿಂದ ನೇರವಾಗಿ ಕ್ವಾರ್ಟರ್, ಅಂದರೆ ದನದಲ್ಲಿ ನಾಲ್ಕನೇ ಒಂದು ಪಾಲು, ಕೊಂಡರೆ ಲಾಭವಾ, ಮೋಸ ಹೋಗ್ತೀವಾ, ‘ಗ್ರಾಸ್‌ಫೆಡ್’ ಎಂದರೆ ನಂಬಬಹುದಾ ಎಂದು ಕೇಳಿದ್ದೀರಿ. ಧೈರ್ಯವಾಗಿ ಕೊಳ್ಳಿ. ನಾವು ಮಂಗಳೂರು ಕಡೆಯ ಕ್ಯಾಥೊಲಿಕರು, ಇದೇ ರಾಜ್ಯದಲ್ಲಿದ್ದೇವೆ, ಹಲವು ವರ್ಷಗಳಿಂದ ಹೀಗೇ ಕೊಳ್ಳುತ್ತಿದ್ದೇವೆ. ಲಾಭ ನಷ್ಟ ತೀರ್ಮಾನವಾಗುವುದು ಕಟ್ ಶೀಟ್, ಅಂದರೆ ಮಾಂಸವನ್ನು ಹೇಗೆ ಕತ್ತರಿಸಬೇಕು ಎಂದು ಬರೆಸುವ ಒಂದು ಹಾಳೆಯಲ್ಲಿ. ಅದನ್ನು ಹೇಳುವ ಮೊದಲು ಎರಡು ವಿಷಯ ತಿಳಿದಿರಬೇಕು.

ಒಂದು, ಹೆಚ್ಚಿನ ಕಡೆ ನೀವು ಕೊಳ್ಳುವುದು ಜೀವಂತ ದನದಲ್ಲಿ ಒಂದು ಪಾಲು. ರೈತನಿಗೆ ದನದ ದುಡ್ಡು ಬೇರೆ, ಕಡಿದು ಪ್ಯಾಕ್ ಮಾಡುವವರಿಗೆ ಕೂಲಿ ಬೇರೆ. ಆ ಸಣ್ಣ ಕಸಾಯಿಖಾನೆಯನ್ನು ಇಲ್ಲಿಯವರು ಮೀಟ್ ಲಾಕರ್ ಅನ್ನುತ್ತಾರೆ. ಕೆಲವು ಲಾಕರ್‌ಗಳಲ್ಲಿ ಸರ್ಕಾರಿ ಇನ್‌ಸ್ಪೆಕ್ಟರ್ ಪ್ರತಿ ದನವನ್ನೂ ನೋಡುತ್ತಾರೆ. ಅಲ್ಲಿಂದ ಬಂದ ಮಾಂಸವನ್ನು ರೈತ ಬಿಡಿಯಾಗಿ ಮಾರಬಹುದು. ಇನ್ನು ಕೆಲವು ‘ಕಸ್ಟಮ್’. ಅಲ್ಲಿ ದನದ ಮಾಲೀಕರಿಗಾಗಿ ಮಾತ್ರ ಕಡಿಯುತ್ತಾರೆ, ಪೊಟ್ಟಣಗಳ ಮೇಲೆ ‘ನಾಟ್ ಫಾರ್ ಸೇಲ್’ ಎಂದು ಮುದ್ರೆ ಒತ್ತಿರುತ್ತಾರೆ. ಅದನ್ನು ನೋಡಿ ಗಾಬರಿಯಾಗಬೇಡಿ. ಆದರೆ ಆ ಮಾಂಸ ನಿಮ್ಮ ಮನೆಯವರಿಗೆ, ದುಡ್ಡು ಕೊಡದೆ ಉಣ್ಣುವ ನೆಂಟರಿಗೆ ಮಾತ್ರ. ಮಿಕ್ಕಿದ್ದನ್ನು ಪಕ್ಕದ ಮನೆಗೆ ಮಾರುವಂತಿಲ್ಲ, ಟಿಕೆಟ್ ಇಟ್ಟು ಮಾಡುವ ಚರ್ಚ್ ಊಟಕ್ಕೂ ಹಾಕುವಂತಿಲ್ಲ. ಹಾಗಾಗಿ ನಾಲ್ಕು ಮನೆಯವರು ಸೇರಿ ಕೊಳ್ಳುವುದಾದರೆ ದನ ಕಡಿಯುವ ಮೊದಲೇ ನಾಲ್ಕೂ ಹೆಸರು ಬರೆಸಿಬಿಡಿ.

ಎರಡನೆಯದು ತೂಕ. ಹೊಸಬರಿಗೆ ಮೋಸವಾಯಿತು ಅನ್ನಿಸುವುದು ಇಲ್ಲೇ, ಎಷ್ಟೋ ಸಲ ಮೋಸವೇ ಆಗಿರುವುದಿಲ್ಲ. ರೈತ ಹೇಳುವ ದರ ಸಾಮಾನ್ಯವಾಗಿ ‘ಹ್ಯಾಂಗಿಂಗ್ ವೇಟ್’ ಮೇಲೆ. ತಲೆ, ಚರ್ಮ, ಗೊರಸು, ಹೊಟ್ಟೆಯೊಳಗಿನದೆಲ್ಲ ತೆಗೆದು ಕೊಕ್ಕೆಗೆ ನೇತುಹಾಕಿದಾಗಿನ ತೂಕ ಅದು. 1100 ಪೌಂಡಿನ ದನ ನೇತುಹಾಕಿದಾಗ ಸುಮಾರು 640 ಪೌಂಡ್ ಬರುತ್ತದೆ. ಕ್ವಾರ್ಟರ್ ಅಂದರೆ 160. ಅದರಲ್ಲಿ ಮೂಳೆ, ಹೆಚ್ಚಿನ ಕೊಬ್ಬು, ಆರಿಹೋದ ನೀರು ಕಳೆದು ನಿಮ್ಮ ಕೈಗೆ ಬರುವುದು ಸುಮಾರು 105 ಪೌಂಡ್, ಅಂದಾಜು 48 ಕಿಲೋ. ಉದಾಹರಣೆಗೆ ಹ್ಯಾಂಗಿಂಗ್ ವೇಟಿನ ಪೌಂಡಿಗೆ ದರ 4.50 ಡಾಲರ್ ಇಟ್ಟುಕೊಳ್ಳಿ. ರೈತನಿಗೆ 720 ಆಯಿತು. ಲಾಕರಿನ ಕೂಲಿ ಪೌಂಡಿಗೆ ಒಂದು ಡಾಲರ್ ಹಿಡಿದರೆ 160, ಕಡಿಯುವ ಶುಲ್ಕದಲ್ಲಿ ನಿಮ್ಮ ಪಾಲು 25 ಅನ್ನಿ. ಒಟ್ಟು 905. ಕೈಗೆ ಬಂದ ಮಾಂಸಕ್ಕೆ ಭಾಗಿಸಿದರೆ ಪೌಂಡಿಗೆ 8.60 ಡಾಲರ್ ಚಿಲ್ಲರೆ. ನಿಮ್ಮ ರೈತನ ದರ ಹಾಕಿ ಇದೇ ಲೆಕ್ಕ ಮಾಡಿ ನೋಡಿ. ಖೀಮಾಗೂ ಇದೇ ಬೆಲೆ, ರಿಬ್‌ಐ ಸ್ಟೇಕಿಗೂ ಇದೇ ಬೆಲೆ. ಬರೀ ಖೀಮಾ ತಿನ್ನುವವರಿಗೆ ಉಳಿತಾಯ ಅಷ್ಟಕ್ಕಷ್ಟೇ.

ಬೆಲೆ ಕೇಳುವಾಗ ‘ಮಿಕ್ಸ್‌ಡ್ ಕ್ವಾರ್ಟರ್’ ತಾನೇ ಎಂದು ಕೇಳಿ. ಮಂಡ್ಯ ಕಡೆ ಗುಡ್ಡೆ ಬಾಡು ಹಾಕುತ್ತಾರಲ್ಲ, ಪ್ರತಿ ಗುಡ್ಡೆಗೂ ತೊಡೆ, ಎದೆ, ಈಲಿ ಎಲ್ಲ ಒಂದಿಷ್ಟು ಬರುವ ಹಾಗೆ, ಇದೂ ಹಾಗೇ. ಅರ್ಧ ದನದ ಮುಂಭಾಗ ಹಿಂಭಾಗ ಎರಡನ್ನೂ ಸಮನಾಗಿ ಹಂಚುತ್ತಾರೆ. ಬರೀ ಮುಂಭಾಗದ ಕ್ವಾರ್ಟರ್ ಬಂದರೆ ಸೊಂಟದ ಕಡೆಯ ಸಿರ್‌ಲಾಯ್ನ್ ಸಿಗುವುದಿಲ್ಲ.

ಈಗ ಕಟ್ ಶೀಟ್. ದನ ಕಡಿದ ಮೇಲೆ ಲಾಕರಿನವರು ಫೋನ್ ಮಾಡಿ ಹೇಗೆ ಕತ್ತರಿಸಬೇಕು ಎಂದು ಕೇಳುತ್ತಾರೆ. ‘ನೀವು ಯಾವಾಗಲೂ ಮಾಡುವ ಹಾಗೆ ಮಾಡಿ’ ಅಂದರೆ ಸ್ಟೇಕ್, ರೋಸ್ಟ್, ರಾಶಿ ಖೀಮಾ ಬರುತ್ತದೆ. ನಮ್ಮ ಅಡುಗೆಗೆ ಅತಿ ರುಚಿಯಾದ ಭಾಗಗಳು ಒಂದೋ ಅರೆಯುವ ಯಂತ್ರಕ್ಕೆ ಹೋಗುತ್ತವೆ, ಇಲ್ಲವೇ ಕಸಕ್ಕೆ. ನನಗೆ ಹೊಟ್ಟೆ ಉರಿಯುವುದೇ ಇದಕ್ಕೆ. ಅದೇ ದುಡ್ಡಿನಲ್ಲಿ ಬರುವ ಮಾಂಸ ಅದು, ಕೇಳದಿದ್ದರೆ ಸಿಗುವುದಿಲ್ಲ ಅಷ್ಟೇ.

ನಾನು ಬರೆಸುವುದು ಹೀಗೆ. ಕಾಲಿನ ಶ್ಯಾಂಕ್ ಅನ್ನು ಮೂಳೆ ಸಮೇತ ಎರಡು ಇಂಚಿನ ಬಿಲ್ಲೆಗಳಾಗಿ ಕೊಯ್ಯಬೇಕು, ನಡುವೆ ಮಜ್ಜೆ ಕಾಣಬೇಕು. ಅದನ್ನು ಮೆಣಸು, ಶುಂಠಿ ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿದರೆ ಸಾರು ತಣ್ಣಗಾದಾಗ ಮಂದವಾಗಿ ಗಟ್ಟಿಯಾಗುತ್ತದೆ. ಭುಜದ ಚಕ್ ಭಾಗದಲ್ಲಿ ಅರ್ಧವನ್ನು ರೋಸ್ಟಿಗೆ ದೊಡ್ಡ ತುಂಡಾಗಿ, ಇನ್ನರ್ಧವನ್ನು ಇಂಚಿಂಚಿನ ತುಂಡುಗಳಾಗಿ. ನಮ್ಮ ಕಡೆಯ ಬಫಾತ್ ಮಸಾಲೆ ಪುಡಿ ಹಾಕಿ ಮಾಡುವ ಪದಾರ್ಥಕ್ಕೆ ಚಕ್‌ನಷ್ಟು ಒಳ್ಳೆಯದು ಇನ್ನೊಂದಿಲ್ಲ, ಬೇಯುತ್ತಾ ಬೇಯುತ್ತಾ ನರವೆಲ್ಲ ಕರಗಿ ಗ್ರೇವಿಗೆ ಸೇರುತ್ತದೆ. ಎದೆಯ ಬ್ರಿಸ್ಕೆಟ್ ಇಡಿಯಾಗಿ. ಪಕ್ಕೆಲುಬಿನ ಶಾರ್ಟ್ ರಿಬ್ಸ್ ಖೀಮಾಕ್ಕೆ ಹಾಕಬೇಡಿ ಎಂದು ಒತ್ತಿ ಹೇಳಿ. ಸೂಪಿನ ಮೂಳೆ, ಲಿವರ್, ಹೃದಯ ಕೇಳಿ. ಬಾಲ ಮತ್ತು ನಾಲಿಗೆ ಒಂದು ದನಕ್ಕೆ ಒಂದೇ, ಆದರೆ ಜೊತೆಗೆ ಕೊಳ್ಳುವ ಅಮೆರಿಕನ್ನರು ಹೆಚ್ಚಾಗಿ ಬೇಡ ಅನ್ನುತ್ತಾರೆ. ರೈತನಿಗೆ ಮೊದಲೇ ಹೇಳಿಟ್ಟರೆ ನಿಮಗೇ ಬರುತ್ತದೆ. ಕ್ರಿಸ್ಮಸ್‌ಗೆ ಉಪ್ಪು ಹಾಕಿ ನೆನೆಸಿಡುವ ನಾಲಿಗೆ ನಮ್ಮ ಮನೆಗೆ ಹೀಗೇ ಬರುವುದು. ಬೋಟಿ ಮಾತ್ರ ಆಸೆ ಬಿಡಿ, ಅದನ್ನು ತೊಳೆಯುವ ಏರ್ಪಾಡು ಸಣ್ಣ ಲಾಕರ್‌ಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ದನದ ವಯಸ್ಸನ್ನೂ ಕೇಳಿ. ಹುಲ್ಲಿನಲ್ಲೇ ಬೆಳೆದ ದನ ಕಡಿಯುವ ತೂಕಕ್ಕೆ ಬರಲು ಕಾಳು ತಿಂದದ್ದಕ್ಕಿಂತ ಜಾಸ್ತಿ ಸಮಯ ಬೇಕು. 30 ತಿಂಗಳು ದಾಟಿದರೆ ಮೆದುಳು, ಬೆನ್ನುಮೂಳೆಯನ್ನು ತಿನ್ನಲು ಕೊಡುವಂತಿಲ್ಲ. ಹುಚ್ಚು ದನದ ರೋಗದ ಭಯದಿಂದ 2004ರಲ್ಲಿ ಬಂದ ನಿಯಮ ಇದು. ಹಾಗಾದಾಗ ಬೆನ್ನುಮೂಳೆಯ ತುಂಡು ಸಮೇತ ಬರುವ ಟಿ-ಬೋನ್ ಸ್ಟೇಕ್ ಸಿಗುವುದಿಲ್ಲ, ಆ ಮಾಂಸ ಮೂಳೆ ಬಿಡಿಸಿ ಬರುತ್ತದೆ. ಬಾಲಕ್ಕೆ ಈ ತೊಂದರೆಯಿಲ್ಲ.

‘ಗ್ರಾಸ್‌ಫೆಡ್’ ಎಂಬ ಮಾತನ್ನು ನಂಬಬಹುದಾ ಅಂದಿರಿ. ಅದಕ್ಕೆ ಅಮೆರಿಕದ ಕೃಷಿ ಇಲಾಖೆ ಮಾಡಿದ್ದ ಮಾರುಕಟ್ಟೆ ಮಾನದಂಡವನ್ನು 2016ರಲ್ಲಿ ವಾಪಸ್ ತೆಗೆದುಕೊಂಡಿತು. ಹಾಗಾಗಿ ನೇರವಾಗಿ ಕೇಳುವುದೇ ಸರಿ: ಕೊನೆಯ ತಿಂಗಳುಗಳಲ್ಲಿ ಮೆಕ್ಕೆಜೋಳ ಹಾಕುತ್ತೀರಾ? ‘ಗ್ರಾಸ್ ಫಿನಿಶ್ಡ್’ ಅಂದರೆ ಕೊನೆವರೆಗೂ ಹುಲ್ಲೇ. ಚಳಿಗಾಲದಲ್ಲಿ ಒಣಹುಲ್ಲು ಹಾಕಿದರೆ ಅದೂ ಹುಲ್ಲೇ, ತಪ್ಪು ತಿಳಿಯಬೇಡಿ. ಒಮ್ಮೆ ಫಾರ್ಮಿಗೆ ಹೋಗಿ ಬನ್ನಿ. ಒಳ್ಳೆಯ ರೈತರು ಖುಷಿಯಿಂದ ತೋರಿಸುತ್ತಾರೆ. ಬರಬೇಡಿ ಅನ್ನುವವರ ಹತ್ತಿರ ನಾನಂತೂ ಕೊಳ್ಳುವುದಿಲ್ಲ. ಯಾರನ್ನು ಹುಡುಕುವುದು ಗೊತ್ತಾಗದಿದ್ದರೆ ರೈತರ ಸಂತೆಯಲ್ಲಿ ಅಥವಾ ನಿಮ್ಮ ಕೌಂಟಿಯ ಮಿಸೌರಿ ವಿಶ್ವವಿದ್ಯಾಲಯದ ಎಕ್ಸ್‌ಟೆನ್ಷನ್ (ರೈತರಿಗೆ ಸಲಹೆ ಕೊಡುವ) ಕಚೇರಿಯಲ್ಲಿ ವಿಚಾರಿಸಿ.

ಪೊಟ್ಟಣ ಬಿಚ್ಚಿದಾಗ ಕೊಬ್ಬು ಹಳದಿಯಾಗಿ ಕಂಡರೆ ಹಳೆಯ ಮಾಂಸ ಅಂದುಕೊಳ್ಳಬೇಡಿ. ಹಸಿರು ಹುಲ್ಲಿನ ಕ್ಯಾರೊಟಿನ್ ಬಣ್ಣ ಅದು. ಮಾಂಸದಲ್ಲಿ ಕೊಬ್ಬು ಕಡಿಮೆ ಇರುವುದರಿಂದ ಸ್ಟೇಕ್ ಬೇಗ ಬೇಯುತ್ತದೆ, ಸ್ವಲ್ಪ ಮೊದಲೇ ಇಳಿಸಿ.

ಇಬ್ಬರಿಗೆ ಕ್ವಾರ್ಟರ್ ಜಾಸ್ತಿ ಅಲ್ಲ, ವರ್ಷಕ್ಕೆ ಸರಿಹೋಗುತ್ತದೆ. ಐದು ಘನ ಅಡಿಯ ಚೆಸ್ಟ್ ಫ್ರೀಜರ್ ಸಾಕು. ಸೊನ್ನೆ ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಮಾಂಸ ಕೆಡುವುದಿಲ್ಲ, ರುಚಿ ಮಾತ್ರ ಇಳಿಯುತ್ತಾ ಹೋಗುತ್ತದೆ. ಖೀಮಾ ಮೂರು ನಾಲ್ಕು ತಿಂಗಳಲ್ಲಿ ಮುಗಿಸಿದರೆ ಒಳ್ಳೆಯದು, ದೊಡ್ಡ ತುಂಡುಗಳು ವರ್ಷವಿಡೀ ಚೆನ್ನಾಗಿರುತ್ತವೆ. ಅದಕ್ಕೇ ಕಟ್ ಶೀಟಿನಲ್ಲಿ ಖೀಮಾ ಕಡಿಮೆ ಮಾಡಿಸಿ. ರೋಸ್ಟ್ ಇದ್ದರೆ ಬೇಕಾದಾಗ ಮನೆಯಲ್ಲೇ ಕೊಚ್ಚಿಕೊಳ್ಳಬಹುದು.

ಇನ್ನು ಸಮಯ. 2020ರಲ್ಲಿ ಕೋವಿಡ್‌ನಿಂದ ದೊಡ್ಡ ಕಸಾಯಿಖಾನೆಗಳು ಮುಚ್ಚಿದಾಗ ಜನರೆಲ್ಲ ಸಣ್ಣ ಲಾಕರ್‌ಗಳಿಗೆ ಮುಗಿಬಿದ್ದರು. ಈಗಲೂ ಒಳ್ಳೆಯ ಲಾಕರ್ ಆದರೆ ತಿಂಗಳುಗಟ್ಟಲೆ ಮೊದಲೇ ದಿನ ಗೊತ್ತು ಮಾಡಬೇಕು. ನವೆಂಬರಿನಲ್ಲಿ ಜಿಂಕೆ ಬೇಟೆ ಶುರುವಾದರೆ ಹಲವು ಲಾಕರಿನವರು ಜಿಂಕೆ ಕಡಿಯುವುದರಲ್ಲೇ ಮುಳುಗಿರುತ್ತಾರೆ. ಅಕ್ಟೋಬರಿಗೆ ಬೇಕಿದ್ದರೆ ಬೇಸಿಗೆಯಲ್ಲೇ ರೈತನಿಗೆ ಮುಂಗಡ ಕೊಟ್ಟು, ಬಾಲ ನಾಲಿಗೆ ನಿಮಗೇ ಇರಲಿ ಎಂದು ಅದೇ ಮಾತಿನಲ್ಲಿ ಹೇಳಿಬಿಡಿ.